ಹಿಮದಲ್ಲಿ ಒಂದೇ ಚಕ್ರ ತಿರುಗುತ್ತಿದ್ದ ಕಾರು ಏರು ಹತ್ತಿದ್ದು ಹೀಗೆ

ಅಮೆರಿಕದ ಮಿನೆಸೋಟದ ಚಳಿಗಾಲ, ಗರಾಜಿನ ಮುಂದಿನ ಏರು, ಇಂಜಿನ್ ಮುಂಚಕ್ರಗಳನ್ನಷ್ಟೇ ತಿರುಗಿಸುವ ಫ್ರಂಟ್ ವೀಲ್ ಡ್ರೈವ್ ಕಾರು. ಆಕ್ಸಿಲರೇಟರ್ ಒತ್ತಿದರೆ ಬಲಗಡೆಯ ಮುಂಚಕ್ರ ಗಿರ್ರನೆ ತಿರುಗುತ್ತಿತ್ತು, ಎಡಗಡೆಯದು ಕದಲುತ್ತಿರಲಿಲ್ಲ. ಏನೂ ಕೆಟ್ಟಿರಲಿಲ್ಲ. ಇಂಜಿನ್ ಶಕ್ತಿಯನ್ನು ಎಡ, ಬಲ ಚಕ್ರಗಳಿಗೆ ಕೊಡುವ ಗೇರುಗಳ ಜೋಡಣೆಯಾದ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾಗಿ ಟಾರ್ಕ್, ಅಂದರೆ ತಿರುಗಿಸುವ ಬಲ, ಹಂಚುತ್ತದೆ. ಐಸ್ ಮೇಲಿನ ಚಕ್ರ ಜಾರಲು 40 ನ್ಯೂಟನ್ ಮೀಟರ್ ಸಾಕು ಎಂದುಕೊಳ್ಳಿ, ಹಿಡಿತವಿರುವ ಚಕ್ರಕ್ಕೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಹಾಗೇ ತುಂಬಾ ಹೊತ್ತು ತಿರುಗಿಸಿದರೆ ಡಿಫರೆನ್ಷಿಯಲ್ ಒಳಗಿನ ಪುಟ್ಟ ಗೇರುಗಳು, ಪಿನ್ನು ಕಾದು ಸವೆಯುತ್ತವೆ.

ಜಾರುವ ಚಕ್ರವನ್ನು ತಡೆಯಲು ಹ್ಯಾಂಡ್‌ಬ್ರೇಕ್ ಎಳೆಯಿರಿ ಎಂಬ ಸಲಹೆ ಇಲ್ಲಿ ದಂಡ. ಸಾಮಾನ್ಯವಾಗಿ ಅದು ಹಿಡಿಯುವುದು ಹಿಂಚಕ್ರಗಳನ್ನು, ಇಲ್ಲಿ ಜಾರುತ್ತಿರುವುದು ಮುಂಚಕ್ರ.

ಮೊದಲು ಸ್ಟೀರಿಂಗ್ ನೇರ ಮಾಡಿ, ಕಾರಿನ ಹೊಟ್ಟೆಗೆ ತಾಗಿದ್ದ ಹಿಮ ತೆಗೆದದ್ದಾಯಿತು. ಬಲ ಟೈರಿನ ಕೆಳಗೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತೆ ಹೊಳೆಯುತ್ತಿತ್ತು. ಅದನ್ನು ಸಲಿಕೆಯ ಮೂಲೆಯಿಂದ ಕೆರೆದು, ಟೈರಿನ ಹಿಂದೆ ಮುಂದೆ ಎರಡೆರಡು ಅಡಿ ಮರಳು. ಜಾರುವ ಚಕ್ರಕ್ಕೆ ಹಿಡಿತ ಸಿಕ್ಕರೆ ಎರಡಕ್ಕೂ ಹೆಚ್ಚು ಟಾರ್ಕ್ ಸಿಕ್ಕಂತೆ.

ಟ್ರಾಕ್ಷನ್ ಕಂಟ್ರೋಲ್ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಟಾರ್ಕ್ ಸಿಗುವಂತೆ ಮಾಡುತ್ತದೆ, ಆದರೆ ಇಂಜಿನ್ ಶಕ್ತಿಯನ್ನೂ ಕಡಿತ ಮಾಡುತ್ತದೆ. ಆಳ ಹಿಮದಲ್ಲಿ ಕಾರನ್ನು ಹಿಂದೆ ಮುಂದೆ ತೂಗಿಸುವಾಗ ಮಾತ್ರ ಆಫ್ ಮಾಡಿ, ಹೊರಬಂದ ತಕ್ಷಣ ಆನ್. ಕೊನೆಗೆ ಎರಡನೇ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟಾಗ ಕಾರು ಏರು ಹತ್ತಿತು.

ಅದೇ ಏರನ್ನು ರಿವರ್ಸ್‌ನಲ್ಲಿ ಹತ್ತುವುದು ಇನ್ನೂ ಸುಲಭ, ಹೆಚ್ಚು ಭಾರ ಇಳಿಜಾರಿನ ಕಡೆ ಇರುವ ಮುಂಚಕ್ರಗಳ ಮೇಲೆ ಬೀಳುತ್ತದೆ. ಆಮೇಲೆ ನಾಲ್ಕಕ್ಕೂ ವಿಂಟರ್ ಟೈರ್ ಹಾಕಿದ್ದಾಯಿತು. ಮುಂದಿನ ಎರಡಕ್ಕಷ್ಟೇ ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯಬಹುದು.