ಮಗನಿಗೆ ಹೆಸರು ಸಿಕ್ಕಿತು, ನಡುವೆ ಏನಿಡೋಣ?

ಹೋದ ತಿಂಗಳು ಅಕ್ಕನ ಮನೆಯಲ್ಲಿ ಮೊಮ್ಮಗನ ನಾಮಕರಣ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಅಪ್ಪ ಚಿನ್ನದ ಉಂಗುರ ಹಿಡಿದು ‘ವಿಹಾನ್’ ಅಂತ ಬರೆದ. ಎಲ್ಲರೂ ಚೆನ್ನಾಗಿದೆ ಅಂದರು. ಅಷ್ಟರಲ್ಲಿ ನಮ್ಮಮ್ಮ ಕೇಳಿದರು, “ಇನಿಷಿಯಲ್ ಏನಪ್ಪಾ?” ಅವನು ಹೆಂಡತಿಯ ಮುಖ ನೋಡಿದ. ಅವಳು ಪುರೋಹಿತರ ಮುಖ ನೋಡಿದಳು. ತಟ್ಟೆಯಲ್ಲಿ ಜಾಗ ಇತ್ತು, ಬರೆಯೋಕೆ ಹೆಸರಿರಲಿಲ್ಲ.

ಮೊದಲ ಹೆಸರಿಗೆ ತಿಂಗಳುಗಟ್ಟಲೆ ಹುಡುಕುವವರು ನಡುವಿನ ಹೆಸರಿಗೆ ಐದು ನಿಮಿಷವನ್ನೂ ಕೊಡುವುದಿಲ್ಲ. ಹಿಂದೆ ಕೊಡಬೇಕಾಗಿಯೂ ಇರಲಿಲ್ಲ. ಊರು, ಅಪ್ಪ ಇಬ್ಬರೂ ಕರೆಯದೆಯೇ ಬಂದು ಹೆಸರಿನ ಮುಂದೆ ಕೂರುತ್ತಿದ್ದರು. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಮಗ. ಮೂರರ ಮೊದಲಕ್ಷರ ಸೇರಿದರೆ ಕುವೆಂಪು. ಧಾರವಾಡದ ಕಡೆ ಲೆಕ್ಕ ಬೇರೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ತನ್ನ ಹೆಸರು ಮೊದಲು, ಅಪ್ಪನದು ನಡುವೆ, ಮನೆತನದ್ದು ಕೊನೆಗೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರೇ ಮುಂದೆ. ಜನರಲ್ ಕೆ.ಎಂ. ಕಾರ್ಯಪ್ಪನವರ ‘ಕೆ’ ಅಂದರೆ ಕೊಡಂದೇರ, ‘ಎಂ’ ಅಂದರೆ ತಂದೆ ಮಾದಪ್ಪ. ಅಂದರೆ ನಡುವಿನ ಹೆಸರು ನಮ್ಮಲ್ಲೂ ಇತ್ತು, ಇನಿಷಿಯಲ್ ಒಳಗೆ ಮಡಚಿಟ್ಟಿದ್ದೆವು ಅಷ್ಟೆ. ಈಗ ಅದನ್ನು ಬಿಡಿಸಿ ಬರೆಯಿರಿ ಅನ್ನುವ ಫಾರಂಗಳು ಬಂದಿವೆ.

ಮೊದಲು ಕೊನೆಯದನ್ನು ಗೊತ್ತು ಮಾಡಿ

ತಮಾಷೆಯಲ್ಲ. ಕೊನೆಯ ಹೆಸರು ಯಾವುದು ಅಂತ ಗೊತ್ತಾಗದೆ ನಡುವಿನದು ಕೂರುವುದಿಲ್ಲ. ಹೆಗಡೆ, ಪಾಟೀಲ, ಶೆಟ್ಟಿ ಅಂತ ಮನೆತನದ ಹೆಸರಿದ್ದವರು ಈ ಹಂತ ದಾಟಿ ಮುಂದೆ ಹೋಗಿ. ಇಲ್ಲದವರು ಇಲ್ಲೇ ನಿಲ್ಲಬೇಕು. ನಮ್ಮ ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಖಾನೆ: ಸರ್‌ನೇಮ್ ಮತ್ತು ಗಿವನ್ ನೇಮ್. ನಡುವಿನ ಹೆಸರಿಗೆ ಬೇರೆ ಖಾನೆಯಿಲ್ಲ, ಅದು ಮೊದಲ ಹೆಸರಿನ ಪಕ್ಕದಲ್ಲೇ ಕೂರುತ್ತದೆ. ಸರ್‌ನೇಮ್ ಖಾಲಿ ಬಿಟ್ಟರೆ ಏನಾಗುತ್ತೆ? ಅಮೆರಿಕದ ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ! ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲೇ ಹೇಳಿತು.

ಅಕ್ಕನ ಮಗನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅವನಪ್ಪನ, ಅಂದರೆ ನಮ್ಮ ಭಾವನ ಹೆಸರಿದೆ: ಅನಂತ. ಮಗುವಿಗೂ ಅದೇ ಇರಲಿ, ಅಪ್ಪ ಮಗ ಒಂದೇ ಮನೆಯವರು ಅಂತ ಕಾಣಲಿ ಅಂದುಕೊಂಡರು. ಸರಿ, ಕೂಗಿ ನೋಡಿ: ವಿಹಾನ್ ಅನಂತ. ಬಾಯಲ್ಲಿ ‘ವಿಹಾನನಂತ’ ಆಯಿತು. ನಡುವೆ ಒಂದು ಹೆಸರು ಬೇಕೇ ಬೇಕು ಅಂತ ಆಗಲೇ ಎಲ್ಲರಿಗೂ ಗೊತ್ತಾಗಿದ್ದು.

ಆಮೇಲೆ ನಾಲ್ಕೈದು ಹೆಸರು ಬರೆದಿಟ್ಟುಕೊಳ್ಳಿ

ಹೊಸದಾಗಿ ಹುಡುಕಬೇಡಿ, ಮನೆಯಲ್ಲೇ ಇರುತ್ತವೆ. ಅಪ್ಪನ ಹೆಸರು, ತಾತ ಮುತ್ತಾತನ ಹೆಸರು, ಮನೆದೇವರ ಹೆಸರು. ಅಮ್ಮನ ಹೆಸರು ಯಾಕಾಗಬಾರದು? ಆಗುತ್ತೆ. ಊರಿನ ಹೆಸರು ನನಗೆ ಬಹಳ ಇಷ್ಟ. ಆದರೆ ಇಂಗ್ಲಿಷಿನಲ್ಲಿ ಹದಿನೈದು ಅಕ್ಷರ ತಿನ್ನುವ ಊರನ್ನು ಮಗುವಿನ ಮೇಲೆ ಹೊರಿಸುವ ಮೊದಲು ಯೋಚಿಸಿ.

ಜಾಸ್ತಿ ಜನ ಮರೆಯುವ ಇನ್ನೊಂದಿದೆ. ನಾಮಕರಣದಲ್ಲಿ ಕಿವಿಯಲ್ಲಿ ಹೇಳುವುದು ಒಂದೇ ಹೆಸರಲ್ಲ. ನಕ್ಷತ್ರನಾಮ, ಮಾಸನಾಮ, ದೇವತಾನಾಮ, ವ್ಯವಹಾರನಾಮ ಎಲ್ಲ ಇರುತ್ತವೆ. ನಾವು ಕೊನೆಯದನ್ನು ಇಟ್ಟುಕೊಂಡು ಉಳಿದವನ್ನು ಅಲ್ಲೇ ಬಿಟ್ಟು ಬರುತ್ತೇವೆ. ಅತ್ತೆಗೆ ನಕ್ಷತ್ರದ ಅಕ್ಷರವೇ ಬೇಕು, ಸೊಸೆಗೆ ತಾನು ಆರಿಸಿದ್ದೇ ಬೇಕು ಅನ್ನುವ ಮನೆಗೆ ನಡುವಿನ ಹೆಸರೇ ರಾಜಿ ಪಂಚಾಯ್ತಿ. ವಿಹಾನನದು ಮಘಾ ನಕ್ಷತ್ರ, ಮೂರನೇ ಪಾದ. ಅಕ್ಷರ ‘ಮು’.

ಕಿವಿಗೆ ಬಿಡಿ

ಇದಕ್ಕೆ ಎರಡು ದಿನ ಕೊಡಿ. ಮೂರು ಹೆಸರನ್ನೂ ಸೇರಿಸಿ ಅಡುಗೆಮನೆಯಿಂದ ಬಾಗಿಲವರೆಗೆ ಕೇಳುವ ಹಾಗೆ ಕೂಗಿ. ಬರೆದಾಗ ಚೆನ್ನಾಗಿರುವುದು ಕೂಗಿದಾಗ ಕೆಡುತ್ತದೆ. ‘ಆರವ್ ವೆಂಕಟೇಶ್’ ಅನ್ನಿ. ವ್ ಮೇಲೆ ವೆ ಬಿದ್ದು ‘ಆರವ್ವೆಂಕಟೇಶ್’ ಆಗಿ, ಹುಡುಗನ ಹೆಸರಿನೊಳಗೆ ಒಬ್ಬ ಅವ್ವ ಬಂದು ಕೂತಿರುತ್ತಾಳೆ. ‘ಇಶಾನ್ ನಾಗರಾಜ್’ಗೂ ಅದೇ ಗತಿ. ಮೊದಲ ಹೆಸರು ಯಾವ ವ್ಯಂಜನದಲ್ಲಿ ಮುಗಿಯುತ್ತದೋ ನಡುವಿನದು ಅದರಿಂದಲೇ ಶುರುವಾಗಬಾರದು. ಎರಡೂ ಒಂದೇ ತರ ಮುಗಿಯುವುದೂ ಬೇಡ. ‘ರಿತೇಶ್ ಮಹೇಶ್’ ಅಂದರೆ ಹಾಜರಿ ಕರೆಯುವ ಮೇಷ್ಟ್ರು ಇಬ್ಬರು ಹುಡುಗರು ಅಂದುಕೊಂಡಾರು.

ಈಗಿನ ಮೊದಲ ಹೆಸರುಗಳು ಗಿಡ್ಡ: ವೇದ್, ಆರವ್, ಇಶಾನ್. ಅವಕ್ಕೆ ಮೂರರಿಂದ ಐದು ಅಕ್ಷರದ ಹಳೆಯ ಹೆಸರು ಚೆನ್ನಾಗಿ ಒಪ್ಪುತ್ತದೆ. ವೇದ್ ಚಂದ್ರಶೇಖರ ಹೆಗಡೆ ಅಂದಾಗ ನಡುವೆ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ. ಮೊದಲ ಹೆಸರೇ ವಿಶ್ವೇಶ್ವರ ಆದರೆ ನಡುವೆ ರಾಮ ಸಾಕು.

ಅಕ್ಕನ ಮನೆಯಲ್ಲಿ ಎಲ್ಲರೂ ಮೊದಲು ಒಪ್ಪಿದ್ದು ಮುಕುಂದ. ಭಾವ ರಿಟೈರ್ಡ್ ಕನ್ನಡ ಮೇಷ್ಟ್ರು. “ಮುಕುಂದ ಅನಂತ, ಮುಕುಂದಾನಂತ, ಸವರ್ಣದೀರ್ಘ ಸಂಧಿ” ಅಂದುಬಿಟ್ಟರು. ಸೊಸೆ ತಕ್ಷಣ ಮುರಾರಿ ಅಂದಳು. “ಅಲ್ಲೂ ಯಣ್ ಸಂಧಿ ಮಾಡಬಹುದು” ಅಂತ ಭಾವ ಶುರು ಮಾಡಿದರು. “ಹಾಗೆ ಯಾರು ಕೂಗ್ತಾರೆ, ಸುಮ್ನಿರಿ” ಅಂದಳು ಅಕ್ಕ. ವಿಹಾನ್ ಮುರಾರಿ ಅನಂತ ನಿಂತಿತು.

ಇಂಗ್ಲಿಷಿನಲ್ಲೂ ಬರೆದು ನೋಡಿ

ಮೊದಲಕ್ಷರಗಳನ್ನು ಸಾಲಾಗಿ ಓದಿ. ಪ್ರಣವ್ ಇಂದ್ರ ಗೌಡ ಒಳ್ಳೆಯ ಹೆಸರೇ. ಆದರೆ ಪಿ, ಐ, ಜಿ. ಶಾಲೆಯಲ್ಲಿ ಹುಡುಗರು ಬಿಡ್ತಾರಾ? ಆಮೇಲೆ ಕಾಗುಣಿತ. ಅನಂತದಲ್ಲಿ ಬರೀ ‘ಟಿ’ನಾ, ‘ಟಿ’ ಜೊತೆ ‘ಎಚ್’ ಬೇಕಾ? ಕೊನೆಗೆ ‘ಎ’ ಇರಬೇಕಾ? ಒಂದು ಸಲ ತೀರ್ಮಾನ ಮಾಡಿ, ಮತ್ತೆ ಮುಟ್ಟಬೇಡಿ. ನನ್ನ ಅನುಭವದ ಮಾತಿದು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಬ್ಯಾಂಕಿನಲ್ಲಿ ಹಿಂದಿದೆ. ನಾನೂ ನಾನೂ ಒಬ್ಬನೇ ಅಂತ ಎರಡು ಸಲ ಅಫಿಡವಿಟ್ ಮಾಡಿಸಿದ್ದೇನೆ.

ಕೊನೆಗೆ ಕಾಗದ

ಜನನ ನೋಂದಣಿಗೆ ವರದಿ 21 ದಿನದೊಳಗೆ ಹೋಗಬೇಕು. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಗಾಬರಿ ಬೇಡ. ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಲೈಸೆನ್ಸಿಗೆ, ವೋಟರ್ ಪಟ್ಟಿಗೆ ಈ ಪ್ರಮಾಣಪತ್ರವೇ ಆಧಾರ. ಹಾಗಾಗಿ ಅರ್ಧ ಹೆಸರು ಕೊಟ್ಟು ಉಳಿದದ್ದು ಆಮೇಲೆ ನೋಡೋಣ ಅನ್ನಬೇಡಿ. ಇನಿಷಿಯಲ್ ಇದ್ದರೆ ಬಿಡಿಸಿಯೇ ಬರೆಸಿ. ಮುಂದೆ ಪ್ಯಾನ್ ಅರ್ಜಿಯಲ್ಲೂ ಹೆಸರನ್ನು ಬಿಡಿಸಿಯೇ ಬರೆಯಬೇಕು.

ಅಕ್ಕನ ಮನೆಯ ಬೀರು ಬಾಗಿಲಿನ ಒಳಗೆ ಈಗ ಒಂದು ಚೀಟಿ ಅಂಟಿಸಿದ್ದಾರೆ. ಮೂರು ಗೆರೆ, ಮೂರು ಹೆಸರು, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ‘ಅನಂತ’ದ ಕೊನೆಯ ‘ಎ’ ಕೆಳಗೆ ಭಾವ ಕೆಂಪು ಪೆನ್ನಲ್ಲಿ ಎರಡು ಗೀಟು ಎಳೆದಿದ್ದಾರೆ.