ಹೂಬತ್ತಿ ಹೊಸೆದ ಕೈಗೆ ಆಯ್ ಎಲೆಯ ಅರಳೆ

ವುಹಾನ್‌ಗೆ ಬಂದ ಮೊದಲ ಜೂನ್‌ನಲ್ಲಿ ಅಕ್ಕಪಕ್ಕದ ಬಾಗಿಲುಗಳಲ್ಲೆಲ್ಲ ಸೊಪ್ಪಿನ ಕಟ್ಟು ತೂಗುತ್ತಿತ್ತು. ಮೂಸಿದರೆ ದವನಕ್ಕೆ ಕರ್ಪೂರ ಬೆರೆತಂಥ ಘಮ. ಅವರ ಐದನೇ ತಿಂಗಳ ಐದನೇ ದಿನದ ದ್ವಾನ್‌ವೂ ಹಬ್ಬ ಅದು. ಕಟ್ಟಿನಲ್ಲಿದ್ದದ್ದು ಆಯ್ ಗಿಡ, ಜೊತೆಗೆ ಕತ್ತಿಯಂಥ ಬಜೆ ಎಲೆ. ನಮ್ಮಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಅದೇ ಬಜೆ! ಆಯ್ ಕೂಡ ದೂರದ್ದಲ್ಲ. ದವನ, ಗಣೇಶನಿಗೆ ಏರಿಸುವ ಮಾಚಿಪತ್ರೆಗಳ ಕುಲದ್ದೇ. ಚೀನೀ ವೈದ್ಯದಲ್ಲಿ ಇದರ ಒಣ ಎಲೆ ಕುಟ್ಟಿ, ಹತ್ತಿಯಂಥ ಅರಳೆ ತೆಗೆದು, ಅದನ್ನು ಉರಿಸಿ ಮೈಗೆ ಕಾವು ಕೊಡುತ್ತಾರೆ. ಇದೇ ಹುಬೇ ಪ್ರಾಂತ್ಯದ ಚೀಚುನ್ ಆಯ್‌ಗೆ ಹೆಸರುವಾಸಿ. 16ನೇ ಶತಮಾನದ ವೈದ್ಯ ಲಿ ಶಿಜೆನ್ ಹುಟ್ಟೂರೂ ಹೌದು.

ಅರಳೆ ಮಾಡುವುದನ್ನು ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟರು. ಪೋಪೋ ಅಂತಲೇ ಅವರನ್ನು ಕರೆಯುತ್ತಿದ್ದೆ. ಎಲೆಯ ಬೆನ್ನು ತಿರುಗಿಸಿ, ಅಲ್ಲಿನ ಬಿಳಿ ನವಿರನ್ನು ಉಗುರಿನಿಂದ ಕೆರೆದು ತೋರಿಸಿದರು. ನಮಗೆ ಬೇಕಾದದ್ದು ಅದೊಂದೇ.

ಮೊದಲ ಸಲ ಕೆಟ್ಟಿತು. ಹಬ್ಬ ಮುಗಿಯುತ್ತಿದ್ದಂತೆ ಯಾಂಗ್‌ತ್ಸೆ ಬಯಲಿಗೆ ಜಡಿಮಳೆ ಹಿಡಿಯುತ್ತದೆ, ಗೋಡೆಯೂ ಬೆವರುತ್ತದೆ. ಅರೆ ಒಣಗಿದ ಎಲೆಯನ್ನೇ ಕುಟ್ಟಿದೆ. ಹಸಿರು ಮುದ್ದೆಯಾಗಿ ಒನಕೆಗೆ ಮೆತ್ತಿತು. ಮರುವರ್ಷ ಮಳೆಗೆ ಮೊದಲೇ ಎಲೆ ಬಿಡಿಸಿ, ಮುಟ್ಟಿದರೆ ಪುಡಿಯಾಗುವಂತೆ ಒಣಗಿಸಿ, ಬಟ್ಟೆ ಚೀಲದಲ್ಲಿ ಕಟ್ಟಿಟ್ಟೆ. ಹೊಸ ಎಲೆಯಲ್ಲಿ ಎಣ್ಣೆಯ ಅಂಶ ಹೆಚ್ಚು, ಉರಿ ಚುರುಕು. ಇಟ್ಟಷ್ಟೂ ಅದು ಆರಿ ಕಾವು ಮೆದುವಾಗುತ್ತದೆ. ಮೂರು ವರ್ಷದ್ದೇ ಉತ್ತಮ ಅಂತ ಇಲ್ಲಿನವರ ಮಾತು. ನನಗೆ ತಾಳ್ಮೆ ಸಾಲಲಿಲ್ಲ, ಒಂದೇ ವರ್ಷಕ್ಕೆ ತೆಗೆದೆ.

ದಂಟು, ನರ ಆರಿಸಿ, ಕಲ್ಲಿನ ಕುಟ್ಟಾಣಿಯಲ್ಲಿ ಒಂದೊಂದು ಹಿಡಿ ಹಾಕಿ ಕುಟ್ಟುವುದು, ಜರಡಿ ಹಿಡಿಯುವುದು, ಮತ್ತೆ ಕುಟ್ಟುವುದು. ಮೂರನೇ ಸುತ್ತಿನವರೆಗೂ ಬರೀ ಕಸದಂತೆ ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಹಿಂಜಿದ ಅರಳೆಯಂತೆ ಉಬ್ಬಿ ನಿಲ್ಲುತ್ತದೆ. ಆ ಗಳಿಗೆ ನನಗೆ ಈಗಲೂ ಬಲು ಇಷ್ಟ. 300 ಗ್ರಾಂ ಎಲೆಗೆ ಸುಮಾರು 60 ಗ್ರಾಂ ಅರಳೆ ಸಿಕ್ಕಿತು. ಇನ್ನೂ ಕುಟ್ಟಿದ್ದರೆ ತೂಕ ಇಳಿದು ಬಣ್ಣ ಹೊಂಬಣ್ಣಕ್ಕೆ ತಿರುಗುತ್ತಿತ್ತು.

ಹೂಬತ್ತಿ ಹೊಸೆದ ಬೆರಳಿಗೆ ಈ ಅರಳೆಯಿಂದ ಪುಟ್ಟ ಗೋಪುರ ಕಟ್ಟುವುದು ಕಷ್ಟವಲ್ಲ. ಹಸಿಶುಂಠಿಯ ಬಿಲ್ಲೆಗೆ ಸೂಜಿಯಿಂದ ತೂತು ಮಾಡಿ, ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಹೊರಮಗ್ಗುಲಿಗೆ ಇಟ್ಟು, ಮೇಲೆ ಗೋಪುರ ಕೂರಿಸಿ ಊದುಬತ್ತಿಯಿಂದ ತುದಿಗೆ ಕಿಡಿ ಮುಟ್ಟಿಸುತ್ತೇನೆ. ಜಾಗವನ್ನು ಮೊದಲು ವೈದ್ಯರಿಂದ ಗುರುತು ಹಾಕಿಸಿಕೊಂಡಿದ್ದೆ. ಚುರುಕ್ ಎನ್ನುವ ಮೊದಲೇ ಬಿಲ್ಲೆ ಎತ್ತಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ಸುಡುವುದೇ ತಿಳಿಯದು, ಅವರಿಗೆ ಇದು ಬೇಡವೇ ಬೇಡ. ಬಸುರಿಯರೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಹೊಗೆ ದಟ್ಟ, ಕಿಟಕಿ ತೆರೆದಿಡಿ. ಚಳಿಗಾಲದಲ್ಲಿ ನನ್ನ ಮಂಡಿ ಬಿಗಿತಕ್ಕೆ ಹಿತವೆನಿಸಿದೆ, ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಜರಡಿಯ ಕೆಳಗೆ ಉಳಿದ ಹಸಿರು ಪುಡಿಯನ್ನು ಎಸೆಯಬೇಡಿ. ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿನೀರಿಗೆ ಹಾಕಿ, ಪಾದ ಮುಳುಗಿಸಿ ಕೂರಲು ಚೆನ್ನಾಗಿರುತ್ತದೆ.