ಮಗುವಿಗೆ ಈ ಸಿನಿಮಾ ತೋರಿಸಬಹುದಾ? ಸ್ಟುಡಿಯೊ ಹೆಸರು ನೋಡಿ ತೀರ್ಮಾನಿಸಬೇಡಿ

1988ರ ಏಪ್ರಿಲ್ 16ರಂದು ಜಪಾನಿನ ಚಿತ್ರಮಂದಿರಗಳಲ್ಲಿ ಸ್ಟುಡಿಯೊ ಘಿಬ್ಲಿಯ ಎರಡು ಅನಿಮೇಷನ್ ಚಿತ್ರಗಳು ಜೋಡಿಯಾಗಿ ತೆರೆಕಂಡವು. ಒಂದು ಹಯಾವೊ ಮಿಯಾಝಾಕಿ ನಿರ್ದೇಶಿಸಿದ ‘ಮೈ ನೇಬರ್ ಟೊಟೊರೊ’, ಇನ್ನೊಂದು ಇಸಾವೊ ತಕಾಹಾತಾ ನಿರ್ದೇಶಿಸಿದ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ಎರಡರಲ್ಲೂ ನಾಲ್ಕು ವರ್ಷದ ತಂಗಿ ಇದ್ದಾಳೆ, ಅವಳನ್ನು ನೋಡಿಕೊಳ್ಳುವ ದೊಡ್ಡ ಮಗು ಇದೆ, ಅಮ್ಮ ಮನೆಯಲ್ಲಿಲ್ಲ. ಮೊದಲನೆಯದನ್ನು ಐದು ವರ್ಷದ ಮಗು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಬಹುದು. ಎರಡನೆಯದನ್ನು ಆ ಮಗುವಿಗೆ ತೋರಿಸಲೇಬಾರದು.

ಸ್ಟುಡಿಯೊ ಅದೇ, ಕೈಯಲ್ಲಿ ಬಿಡಿಸಿದ ಚಿತ್ರದ ಅಂದವೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಟೊಟೊರೊದಲ್ಲೂ ಭಯವಿದೆ. ತಂಗಿ ಮೇಯಿ ಕಾಣೆಯಾಗುತ್ತಾಳೆ, ಕೊಳದಲ್ಲಿ ಒಂದು ಪುಟ್ಟ ಚಪ್ಪಲಿ ಸಿಗುತ್ತದೆ, ಊರಿನವರು ಗಳ ಹಿಡಿದು ನೀರು ಕೆದಕುತ್ತಾರೆ. ಆದರೆ ಗಮನಿಸಿ, ಊರಿಗೆ ಊರೇ ಅಲ್ಲಿ ಬಂದು ನಿಂತಿದೆ. ಅಜ್ಜಿ ಕೈಮುಗಿದು ಕೂತಿದ್ದಾಳೆ. ಮಗುವಿನ ಕಷ್ಟಕ್ಕೆ ದೊಡ್ಡವರು ಓಡಿ ಬರುತ್ತಾರೆ. ಫೈರ್‌ಫ್ಲೈಸ್‌ನಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿನ ಕೋಬೆ ನಗರಕ್ಕೆ ಬೆಂಕಿಬಾಂಬು ಬಿದ್ದ ಮೇಲೆ ದೊಡ್ಡವರು ಒಬ್ಬೊಬ್ಬರಾಗಿ ಮುಖ ತಿರುಗಿಸುತ್ತಾರೆ. ಚಿಕ್ಕಮ್ಮ ಊಟದ ಲೆಕ್ಕ ಹೇಳುತ್ತಾಳೆ, ಬೆಳೆ ಕದ್ದ ಅಣ್ಣನನ್ನು ರೈತ ಹೊಡೆಯುತ್ತಾನೆ, ಡಾಕ್ಟರು ‘ಅಪೌಷ್ಟಿಕತೆ’ ಎಂದಷ್ಟೇ ಹೇಳಿ ಕಳಿಸುತ್ತಾರೆ. ನಮ್ಮ ಪ್ರಕಾರ ಮಗುವಿಗೆ ರಕ್ತ, ಬೆಂಕಿಗಿಂತ ಹೆಚ್ಚು ಆಳಕ್ಕೆ ಇಳಿಯುವುದು ಈ ಸಂಗತಿ: ಕರೆದರೆ ಯಾರೂ ಬರಲಿಲ್ಲ.

ಆದ್ದರಿಂದ ಗಂಭೀರ ಸಿನಿಮಾ ಮಗುವಿಗೆ ಸರಿಯೇ ಎಂದು ನೋಡುವಾಗ ‘ಇದರಲ್ಲಿ ಸಾವು ಇದೆಯಾ’ ಎಂಬುದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ‘ಆಮೇಲೆ ಯಾರು ಬಂದರು’ ಎಂದು.

ಸರ್ಟಿಫಿಕೇಟು ಎಷ್ಟು ಹೇಳುತ್ತದೆ

ನಮ್ಮಲ್ಲಿ ಸೆನ್ಸಾರ್ ಮಂಡಳಿ 2024ರ ನಿಯಮಗಳ ಪ್ರಕಾರ ಯು/ಎ ವರ್ಗವನ್ನು 7+, 13+, 16+ ಎಂದು ಮೂರು ಮಾಡಿದೆ. ಅದಕ್ಕೂ ಮೊದಲಿನ ಸಿನಿಮಾಗಳ ಮೇಲೆ ಬರೀ ಯು/ಎ ಎಂದಿರುತ್ತದೆ, ಅಂದರೆ 12 ವರ್ಷದೊಳಗಿನವರಿಗೆ ಹೆತ್ತವರ ವಿವೇಚನೆ ಬೇಕು ಎಂದು. ಯು/ಎ ಯಾವುದೇ ಆಗಿರಲಿ, ಅದು ಹೆತ್ತವರಿಗೆ ಕೊಡುವ ಸೂಚನೆ ಮಾತ್ರ. ಥಿಯೇಟರಿನ ಬಾಗಿಲಲ್ಲಿ ಮಗುವನ್ನು ತಡೆಯುವುದು ‘ಎ’ ಸರ್ಟಿಫಿಕೇಟು. ಒಟಿಟಿಗಳು 2021ರ ಐಟಿ ನಿಯಮದಂತೆ ತಾವೇ ವಯಸ್ಸು ಹಾಕಿಕೊಳ್ಳುತ್ತವೆ, 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೇರೆಂಟಲ್ ಲಾಕ್ ಕೊಡಲೇಬೇಕು. ಲಾಕ್ ಸೌಲಭ್ಯ ಇದ್ದರೂ ಪಿನ್ ಹಾಕಿಟ್ಟುಕೊಳ್ಳುವ ಕೆಲಸ ನಿಮ್ಮದೇ.

ಈ ಗುರುತುಗಳನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಡಿಸ್ನಿಯ 1996ರ ‘ದ ಹಂಚ್‌ಬ್ಯಾಕ್ ಆಫ್ ನೋಟ್ರ ಡಾಮ್’ ಅಮೆರಿಕದಲ್ಲಿ ಎಲ್ಲ ವಯಸ್ಸಿನವರಿಗೂ ಸಲ್ಲುವ ‘ಜಿ’ ಪಡೆದ ಚಿತ್ರ. ಅದರ ಶುರುವಿನಲ್ಲೇ ತಾಯಿ ಚರ್ಚಿನ ಮೆಟ್ಟಿಲ ಮೇಲೆ ಸಾಯುತ್ತಾಳೆ, ಹಸುಗೂಸನ್ನು ಬಾವಿಗೆ ಎಸೆಯಲು ನ್ಯಾಯಾಧೀಶ ಕೈ ಎತ್ತುತ್ತಾನೆ. ಮುಂದೆ ಅದೇ ಮನುಷ್ಯ ಒಬ್ಬ ಹೆಣ್ಣಿನ ಮೇಲಿನ ಆಸೆಯಲ್ಲಿ ಬೆಂಕಿಯ ಮುಂದೆ ನಿಂತು ಬೇಯುತ್ತಾನೆ. ಬ್ರಿಟನ್ನಿನಲ್ಲಿ 1978ರ ‘ವಾಟರ್‌ಶಿಪ್ ಡೌನ್’ ಎಂಬ ಮೊಲಗಳ ಚಿತ್ರಕ್ಕೆ ‘ಯು’ ಕೊಟ್ಟಿದ್ದ ಮಂಡಳಿ ನಾಲ್ಕು ದಶಕಗಳ ಮೇಲೆ ಅದನ್ನು ‘ಪಿಜಿ’ಗೆ, ಅಂದರೆ ಹೆತ್ತವರ ಮಾರ್ಗದರ್ಶನ ಬೇಕು ಎಂಬ ವರ್ಗಕ್ಕೆ, ಏರಿಸಿತು. ಮಂಡಳಿಗಳು ಮುಖ್ಯವಾಗಿ ನೋಡುವುದು ಹೊಡೆದಾಟ, ಬೈಗುಳ, ಮೈ ತೋರಿಸುವುದು, ಕುಡಿತ ಇಂಥವನ್ನು. ದುಃಖ ಎಷ್ಟು ಹೊತ್ತು ನಿಂತಿತು, ಅದನ್ನು ಯಾರು ಸಂತೈಸಿದರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯ ಪೇರೆಂಟ್ಸ್ ಗೈಡ್, ಹೆತ್ತವರಿಗಾಗಿ ಸಿನಿಮಾ ವಿಮರ್ಶಿಸುವ ಕಾಮನ್ ಸೆನ್ಸ್ ಮೀಡಿಯಾ, ಬ್ರಿಟನ್ನಿನ ಸೆನ್ಸಾರ್ ಮಂಡಳಿ ಬಿಬಿಎಫ್‌ಸಿ, ಈ ತಾಣಗಳನ್ನು ಓದಲು ಕಾಲು ಗಂಟೆ ಸಾಕು. ಐಎಂಡಿಬಿಯಲ್ಲಿ ಹಿಂಸೆಯ ಪಟ್ಟಿಗಿಂತ ಕೊನೆಯಲ್ಲಿರುವ ‘ಭಯ ಹುಟ್ಟಿಸುವ, ತೀವ್ರ ದೃಶ್ಯಗಳು’ ಭಾಗವನ್ನು ಮೊದಲು ಓದಿ. ಬರೆಯುವವರು ನೋಡುಗರೇ ಆದ್ದರಿಂದ ಅಂಕದ ಕಡೆ ಹೋಗದೆ ದೃಶ್ಯದ ವಿವರ ಮಾತ್ರ ತೆಗೆದುಕೊಳ್ಳಿ.

ನೀವೇ ಮೊದಲು ನೋಡಿ, ಹೀಗೆ ನೋಡಿ

ಇದಕ್ಕೆ ಬದಲಿ ಇಲ್ಲ. ಮೊಬೈಲಿನಲ್ಲಿ, ವೇಗ ಹೆಚ್ಚಿಸಿ, ಅರ್ಧ ಅಡುಗೆ ಮಾಡುತ್ತಾ ನೋಡಿದರೆ ಲೆಕ್ಕಕ್ಕಿಲ್ಲ. ಮಗು ನೋಡಲಿರುವ ಟಿವಿಯಲ್ಲೇ, ಅದೇ ಸೌಂಡಿನಲ್ಲಿ, ಪೂರ್ತಿ ನೋಡಿ. ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಎಷ್ಟನೇ ನಿಮಿಷ, ಏನಾಯಿತು, ಎಷ್ಟು ಹೊತ್ತು ತೋರಿಸಿದರು, ಆಮೇಲೆ ಯಾರು ಬಂದರು.

ನಾಲ್ಕನೆಯದನ್ನು ತುಂಬುವಾಗ ಅವಸರ ಬೇಡ. ‘ಬ್ಯಾಂಬಿ’ಯಲ್ಲಿ ತಾಯಿ ಜಿಂಕೆ ಸಾಯುವುದನ್ನು ತೋರಿಸುವುದೇ ಇಲ್ಲ. ಗುಂಡಿನ ಸದ್ದು, ಬೀಳುವ ಹಿಮ, ಕೂಗುತ್ತಾ ಅಲೆಯುವ ಮರಿ. ಅಪ್ಪ ಜಿಂಕೆ ಬಂದು ಎರಡು ಮಾತು ಹೇಳುತ್ತದೆ, ಮರುಕ್ಷಣ ವಸಂತ, ಹಕ್ಕಿಗಳ ಹಾಡು. ದೊಡ್ಡವರಿಗೆ ಇದು ನಿರಾಳ. ನಾಲ್ಕು ವರ್ಷದ ಮಗುವಿಗೆ ಮಾತ್ರ ಅಮ್ಮ ಸತ್ತದ್ದೇ ಗೊತ್ತಾಗುವುದಿಲ್ಲ, ಸಿನಿಮಾ ಮುಗಿಯುವವರೆಗೂ ಅವಳಿಗಾಗಿ ಕಾಯುತ್ತಾ ಕೂರುತ್ತದೆ. ಇಂಥ ಕಡೆ ಹಾಳೆಯಲ್ಲಿ ‘ನಾನು ಹೇಳಬೇಕು’ ಎಂದು ಗುರುತು ಹಾಕಿ.

‘ದ ಲಯನ್ ಕಿಂಗ್’ನಲ್ಲಿ ಗಮನಿಸಬೇಕಾದದ್ದು ಬೇರೆ. ಸತ್ತ ಅಪ್ಪನ ಮುಂಗಾಲಿನಡಿ ಮರಿ ನುಸುಳಿ ಮಲಗುವ ದೃಶ್ಯ ಎಲ್ಲರ ಕಣ್ಣು ತುಂಬಿಸುತ್ತದೆ. ಆದರೆ ಆರೇಳು ವರ್ಷದ ಮಗುವಿಗೆ ಅದಕ್ಕಿಂತ ಭಾರವಾದದ್ದು ಅದರ ನಂತರ ಚಿಕ್ಕಪ್ಪ ಆಡುವ ಮಾತು: ನಿನ್ನಿಂದಲೇ ಹೀಗಾಯಿತು ಎಂದು. ತಾನು ಹಟ ಮಾಡಿದ್ದಕ್ಕೇ ಅಜ್ಜಿಗೆ ಜ್ವರ ಬಂತು ಎಂದು ನಂಬುವ ವಯಸ್ಸು ಅದು. ಆ ಆರೋಪವನ್ನು ಸಿನಿಮಾ ಕೊನೆಯಲ್ಲಿ ಇಳಿಸುತ್ತದೆ, ಕೊಂದವನು ತಾನೇ ಎಂದು ಚಿಕ್ಕಪ್ಪನ ಬಾಯಿಂದಲೇ ಹೊರಡಿಸುತ್ತದೆ. ಹಾಗಾಗಿ ಈ ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ ‘ನಾಳೆ ನೋಡೋಣ’ ಎನ್ನಬೇಡಿ. ಮಗು ಆ ತಪ್ಪನ್ನು ಹೊತ್ತುಕೊಂಡೇ ಮಲಗುತ್ತದೆ. ನಿಲ್ಲಿಸಲೇಬೇಕಾಗಿ ಬಂದರೆ ಮುಂದಿನ ಕತೆ ಹೇಳಿಬಿಡಿ.

ಅನುಮಾನ ಬಂದ ದೃಶ್ಯಗಳನ್ನು ಸೌಂಡ್ ಪೂರ್ತಿ ತೆಗೆದು ಇನ್ನೊಮ್ಮೆ ನೋಡಿ. ಭಯ ಅಷ್ಟಕ್ಕೇ ಇಳಿದುಹೋದರೆ ಅದು ಸಂಗೀತದಲ್ಲಿತ್ತು ಎಂದರ್ಥ, ಆ ಜಾಗಕ್ಕೆ ಬಂದಾಗ ವಾಲ್ಯೂಮ್ ಅರ್ಧ ಮಾಡಿದರೆ ಸಾಕು. ಮೂಕವಾಗಿಯೂ ಎದೆ ಹಿಂಡಿದರೆ ಅದು ಚಿತ್ರದಲ್ಲೇ ಇದೆ. ಫೈರ್‌ಫ್ಲೈಸ್‌ನಲ್ಲಿ ಹಸಿವಿನಿಂದ ಮಂಕಾದ ತಂಗಿ ಗೋಲಿಯನ್ನು ಪೆಪ್ಪರಮಿಂಟು ಎಂದುಕೊಂಡು ಬಾಯಲ್ಲಿಟ್ಟು ಚೀಪುತ್ತಾಳೆ, ಮಣ್ಣಿನ ಉಂಡೆ ಮಾಡಿ ಅಣ್ಣನಿಗೆ ಊಟ ಎಂದು ಕೊಡುತ್ತಾಳೆ. ಅಲ್ಲಿ ಕಿರುಚಾಟವಿಲ್ಲ, ರಕ್ತವಿಲ್ಲ. ಯಾವ ವಾಲ್ಯೂಮ್ ಬಟನ್ನೂ ಅದನ್ನು ಹಗುರ ಮಾಡಲಾರದು.

ಫಾರ್ವರ್ಡ್ ಮಾಡಿ ದಾಟಿಸುವ ಉಪಾಯವನ್ನು ನೆಚ್ಚಬೇಡಿ. ರಿಮೋಟಿಗೆ ಕೈ ಹೋದದ್ದನ್ನು ಮಗು ನೋಡುತ್ತದೆ, ಮುಚ್ಚಿಟ್ಟದ್ದನ್ನು ಇನ್ನೂ ಭಯಂಕರವಾಗಿ ಊಹಿಸಿಕೊಳ್ಳುತ್ತದೆ. ಮೊದಲೇ ಕತೆ ಹೇಳಿಬಿಡುವುದು ಮೇಲು: ‘ಇದರಲ್ಲಿ ಸಿಂಹದಪ್ಪ ಸಾಯ್ತಾನೆ. ಮರಿ ತುಂಬ ಅಳುತ್ತೆ. ಆಮೇಲೆ ಅದಕ್ಕೆ ಸ್ನೇಹಿತರು ಸಿಗ್ತಾರೆ.’ ಕುತೂಹಲ ಹೋಗುತ್ತದೆ ಎಂಬ ಚಿಂತೆ ದೊಡ್ಡವರದ್ದು. ಮಕ್ಕಳು ಗೊತ್ತಿರುವ ಕತೆಯನ್ನೇ ಮತ್ತೆ ಮತ್ತೆ ಕೇಳುವವರು.

ವಯಸ್ಸು, ಮತ್ತು ವಯಸ್ಸಿಗಿಂತ ಹೆಚ್ಚಿನದು

ಮಕ್ಕಳು ಪರದೆಯ ಮೇಲೆ ಯಾವುದಕ್ಕೆ ಹೆದರುತ್ತಾರೆ ಎಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೊಆನ್ ಕ್ಯಾಂಟರ್ ದೀರ್ಘಕಾಲ ಅಧ್ಯಯನ ಮಾಡಿದವರು. ಅದರಿಂದ ತಿಳಿಯುವುದು ಇಷ್ಟು: ಏಳರೊಳಗಿನವರನ್ನು ಕಾಡುವುದು ಕಣ್ಣಿಗೆ ಕಂಡದ್ದು, ಅಂದರೆ ವಿಕಾರ ಮುಖ, ಇದ್ದಕ್ಕಿದ್ದಂತೆ ರೂಪ ಬದಲಾಗುವುದು. ಎಂಟರ ಮೇಲಿನವರನ್ನು ಕಾಡುವುದು ‘ನಮ್ಮನೆಯಲ್ಲೂ ಹೀಗಾದರೆ?’ ಎಂಬ ಯೋಚನೆ. ಸತ್ತವರು ಮರಳಿ ಬರುವುದಿಲ್ಲ ಎಂಬುದು ಹೆಚ್ಚಿನ ಮಕ್ಕಳಿಗೆ ನಿಲುಕುವುದು ಐದರಿಂದ ಏಳು ವರ್ಷದ ನಡುವೆ. ಆದ್ದರಿಂದ ಪುಟ್ಟವರು ಸಾವಿನ ದೃಶ್ಯ ನೋಡಿ ಅಳಲಿಲ್ಲ ಎಂದರೆ ಧೈರ್ಯ ಎಂದುಕೊಳ್ಳಬೇಡಿ, ಅರ್ಥವಾಗಿರುವುದಿಲ್ಲ ಅಷ್ಟೇ. ನಮ್ಮ ಅಭಿಪ್ರಾಯದಲ್ಲಿ ಟೊಟೊರೊ ನಾಲ್ಕಕ್ಕೆ, ಲಯನ್ ಕಿಂಗ್ ಆರೇಳಕ್ಕೆ, ಹಂಚ್‌ಬ್ಯಾಕ್ ಹತ್ತಕ್ಕೆ ಸರಿ. ಫೈರ್‌ಫ್ಲೈಸ್ ಹದಿಮೂರರ ಮೇಲೆ, ಅದೂ ಪಕ್ಕದಲ್ಲಿ ಒಬ್ಬ ದೊಡ್ಡವರಿದ್ದು. ಅದನ್ನು ಕೊನೆಗೂ ತೋರಿಸಿ. ಯುದ್ಧ ಎಂದರೆ ಗೆದ್ದವರ ಬಾವುಟ ಎಂದಷ್ಟೇ ತಿಳಿದು ಬೆಳೆಯುವ ಮಕ್ಕಳಿಗೆ ಅಷ್ಟು ಸತ್ಯ ಹೇಳುವ ಚಿತ್ರಗಳು ಕಡಿಮೆ.

ವಯಸ್ಸಿಗಿಂತಲೂ ಮುಖ್ಯ, ಈ ತಿಂಗಳು ಆ ಮಗುವಿನ ಮನೆಯಲ್ಲಿ ಏನು ನಡೆದಿದೆ ಎಂಬುದು. ಅಜ್ಜ ತೀರಿಕೊಂಡಿದ್ದಾರಾ, ಅಮ್ಮ ಆಸ್ಪತ್ರೆಯಲ್ಲಿದ್ದು ಬಂದಿದ್ದಾರಾ, ಮನೆ ಬದಲಾಯಿಸಿದ್ದೀರಾ, ಹೊಸ ಪಾಪು ಬಂದಿದೆಯಾ. ಇಂಥ ಹೊತ್ತಿನಲ್ಲಿ ‘ಅಪ್’ ಚಿತ್ರದಲ್ಲಿ ನಾಯಕನ ಹೆಂಡತಿ ತೀರಿಕೊಳ್ಳುವ ಮೊದಲ ಹತ್ತು ನಿಮಿಷವೇ ಭಾರವಾಗಬಹುದು. ಮಗು ಆ ವಿಷಯವನ್ನು ತಾನಾಗಿ, ಸಹಜವಾಗಿ ಮಾತಾಡಲು ಶುರು ಮಾಡುವವರೆಗೆ ಕಾಯಿರಿ.

ಮನೆಯ ಆಚರಣೆ ಕೆಲವೊಮ್ಮೆ ನೆರವಿಗೆ ಬರುತ್ತದೆ. ‘ಕೊಕೊ’ ಚಿತ್ರದಲ್ಲಿ ಮೆಕ್ಸಿಕೊದವರು ತೀರಿಕೊಂಡವರ ಫೋಟೊ ಇಟ್ಟು, ಅವರಿಗಿಷ್ಟವಾದ ತಿಂಡಿ ಇಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ಕಂಡ ನಮ್ಮ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಆದರೆ ಅದೇ ಚಿತ್ರದಲ್ಲಿ ಭೂಮಿಯ ಮೇಲೆ ಯಾರೂ ನೆನೆಯದ ಒಬ್ಬ ಅಸ್ಥಿಪಂಜರ ಕಣ್ಮರೆಯಾಗುತ್ತಾನೆ. ‘ನಾವು ಮರೆತ್ರೆ ತಾತ ಇನ್ನೊಂದ್ಸಲ ಸಾಯ್ತಾರಾ?’ ಎಂದು ಮಗು ಕೇಳೀತು. ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.

ತೋರಿಸುವ ದಿನ

ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಹಾಕಿ. ಸಿನಿಮಾ ಮುಗಿದ ಮೇಲೂ ಬೆಳಕಿರಬೇಕು, ಆಟಕ್ಕೆ ಹೊತ್ತಿರಬೇಕು, ಮಲಗಲು ಮೂರು ನಾಲ್ಕು ಗಂಟೆಯಾದರೂ ಇರಬೇಕು. ಕಿಟಕಿ ಮುಚ್ಚಿ ಕತ್ತಲು ಮಾಡಬೇಡಿ. ದೊಡ್ಡಪ್ಪ, ಅತ್ತೆಯ ಮಕ್ಕಳೆಲ್ಲ ಸೇರಿದ್ದರೆ ಎಲ್ಲರಿಗಿಂತ ಚಿಕ್ಕದರ ವಯಸ್ಸಿಗೆ ತಕ್ಕ ಸಿನಿಮಾ ಆರಿಸಿ. ‘ಅವನು ಅಣ್ಣನ ಜೊತೆ ಕೂತಿರ್ತಾನೆ ಬಿಡು’ ಎಂಬ ಕಡೆಯೇ ಎಡವಟ್ಟಾಗುವುದು. ಥಿಯೇಟರಾದರೆ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ಅಲ್ಲಿ ಸಿನಿಮಾ ನಿಲ್ಲಿಸುವ ಬಟನ್ ಇಲ್ಲ.

ಸಬ್‌ಟೈಟಲ್ ಇರುವ ಚಿತ್ರವಾದರೆ ಇನ್ನೊಂದು ತೊಡಕು. ಏಳೆಂಟು ವರ್ಷದವರು ಆ ವೇಗಕ್ಕೆ ಓದಲಾರರು. ಮಾತು ಬಿಟ್ಟುಹೋಗಿ ಸೈರನ್ನು, ಅಳು, ಮುಖಗಳಷ್ಟೇ ಉಳಿಯುತ್ತವೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ. ಹೇಳುವಾಗ ಮೆದು ಮಾಡಲು ಹೋಗಿ ಸುಳ್ಳು ಬೆರೆಸಬೇಡಿ. ಸತ್ತವಳನ್ನು ತೋರಿಸಿ ‘ನಿದ್ದೆ ಮಾಡ್ತಿದಾಳೆ’ ಎಂದರೆ ಮಗು ಆ ರಾತ್ರಿ ನಿದ್ದೆಗೇ ಹೆದರುತ್ತದೆ.

ನೋಡುವಾಗ ಒಮ್ಮೊಮ್ಮೆ ಪರದೆ ಬಿಟ್ಟು ಮಗುವನ್ನು ನೋಡಿ. ಕಿವಿ ಮುಚ್ಚಿಕೊಳ್ಳುವುದು, ಮತ್ತೆ ಮತ್ತೆ ನೀರಿಗೆ ಏಳುವುದು, ‘ಇನ್ನೆಷ್ಟೊತ್ತು’ ಎಂದು ಕೇಳುವುದು, ಅಳುವ ದೃಶ್ಯದಲ್ಲಿ ಜೋರಾಗಿ ನಗುವುದು, ಎಲ್ಲವೂ ಸಾಕು ಎಂಬ ಸೂಚನೆ. ಆಗ ಸಿನಿಮಾ ನಿಲ್ಲಿಸಿ, ಲೈಟು ಹಾಕಿ, ತೊಡೆಯ ಮೇಲೆ ಕೂರಿಸಿಕೊಳ್ಳಿ, ಕುಡಿಯಲು ಏನಾದರೂ ಕೊಡಿ. ಏಳರೊಳಗಿನವರಿಗೆ ‘ಅದೆಲ್ಲ ಸುಳ್ಳು, ಬರೀ ಚಿತ್ರ’ ಎಂಬ ವಿವರಣೆ ಹೆಚ್ಚು ಕೆಲಸ ಮಾಡುವುದಿಲ್ಲ, ಮೈಗೆ ಮೈ ತಾಗುವುದು ಮಾಡುತ್ತದೆ. ಎಂಟರ ಮೇಲಿನವರಿಗೆ ಮಾತು ಬೇಕು: ಇದು ಯಾವಾಗ ನಡೆದದ್ದು, ನಮ್ಮೂರಲ್ಲಿ ಈಗ ಹಾಗಿಲ್ಲ ಏಕೆ ಎಂದು. ಫೈರ್‌ಫ್ಲೈಸ್‌ನಂಥದ್ದನ್ನು ಎಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ, ಅದರ ಕೊನೆಯಲ್ಲಿ ಸಮಾಧಾನ ಕಾದಿಲ್ಲ. ಅಣ್ಣ ಸಾಯುವುದನ್ನು ಮೊದಲ ದೃಶ್ಯದಲ್ಲೇ ತೋರಿಸಿಬಿಟ್ಟಿರುತ್ತಾರೆ.

ಮುಗಿದ ಕೂಡಲೇ ‘ಹೆದರಿಕೆ ಆಯ್ತಾ?’ ಎನ್ನಬೇಡಿ. ಆಯ್ತು ಎನ್ನಲು ನಾಚಿಕೆ, ಇಲ್ಲ ಎಂದರೆ ಮಾತು ಅಲ್ಲಿಗೆ ಮುಗಿಯಿತು. ‘ನಿಂಗೆ ಯಾವುದು ನೆನಪಿದೆ?’ ಎಂದು ಕೇಳಿ, ಇಲ್ಲವೇ ಕಾಗದ, ಬಣ್ಣದ ಪೆನ್ಸಿಲ್ಲು ಕೊಟ್ಟು ಸುಮ್ಮನಿರಿ. ಪ್ರಶ್ನೆ ಮೂರು ದಿನ ಬಿಟ್ಟು, ಸ್ನಾನ ಮಾಡಿಸುವಾಗಲೋ ಜಡೆ ಹಾಕುವಾಗಲೋ ಬರಬಹುದು. ಒಂದೆರಡು ರಾತ್ರಿ ಪಕ್ಕದಲ್ಲಿ ಮಲಗಬೇಕೆಂದರೆ ಮಲಗಿಸಿಕೊಳ್ಳಿ. ಎರಡು ವಾರ ಕಳೆದರೂ ರಾತ್ರಿ ಬೆಚ್ಚಿ ಏಳುವುದು, ಶಾಲೆಗೆ ಹೋಗಲು ಅಂಜುವುದು, ಊಟ ಬಿಡುವುದು ನಿಲ್ಲದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಯಾವ ಸಿನಿಮಾ, ಯಾವ ದೃಶ್ಯ ಎಂಬುದನ್ನೂ ಹೇಳಿ. ನೀವು ಬರೆದಿಟ್ಟ ಹಾಳೆ ಆಗ ಕೈಯಲ್ಲಿರಲಿ.